ಕಸದ ಗಾಡಿಗೆ ಪೂರ್ತಿ ಸ್ಟಾರ್, ಚರಂಡಿಗೆ ಅರ್ಧವೂ ಇಲ್ಲ

ಹೋಟೆಲಿಗೆ ಸ್ಟಾರ್ ಕೊಡುವ ನಾವು ಕಂದಾಯ ಕಟ್ಟುವ ಪಟ್ಟಣ ಪಂಚಾಯಿತಿಗೆ ಯಾಕೆ ಕೊಡಬಾರದು? ನಮ್ಮದು ಘಟ್ಟದ ಅಂಚಿನ ಸಣ್ಣ ಪೇಟೆ. ಊರ ಹೆಸರು ಬೇಡ, ನಾಳೆ ನೀರು ಬಿಡುವವರ ಮುಖ ನೋಡಬೇಕಲ್ಲ.

ಕಸದ ಗಾಡಿ ಬಗ್ಗೆ ಎರಡು ಮಾತಿಲ್ಲ. ಎಂಥಾ ಜಡಿಮಳೆ ಇರಲಿ, ಹಾಡು ಹಾಕಿಕೊಂಡು ಬಂದೇ ಬರುತ್ತದೆ. ಹಸಿ ಕಸದಲ್ಲಿ ಹಾಲಿನ ಪ್ಯಾಕೆಟ್ ಕಂಡರೆ ಗಾಡಿಯ ಅಕ್ಕ ಬಕೆಟ್ ವಾಪಸ್ ಕೈಗಿಡುತ್ತಾರೆ. ಹಾಗೇ ಆಗಬೇಕು ನಮಗೆ.

ಚರಂಡಿ ಕಥೆ ಬೇರೆ. ಮೇ ತಿಂಗಳಲ್ಲಿ ತೆಗೆಯಬೇಕಾದ ಹೂಳಿಗೆ ಆರಿದ್ರಾ ಮಳೆ ಹಿಡಿದ ಮೇಲೆ ಗುದ್ದಲಿ ತಂದರು. ತೆಗೆದದ್ದನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಹೋದರು. ರಾತ್ರಿ ಮಳೆಗೆ ಅಷ್ಟೂ ವಾಪಸ್ ಒಳಗೆ! ಮೇಲಿನ ಕೇರಿಯವರು ಸುರಿದ ಹಳೇ ಅಡಿಕೆ ಸಿಪ್ಪೆಯೂ ಸೇರಿ ಕೆಂಪು ನೀರು ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತಿತು. ಸಿಪ್ಪೆ ಮಾತ್ರ ಪಂಚಾಯಿತಿ ತಪ್ಪಲ್ಲ ಅನ್ನಿ.

ಕಚೇರಿಯಲ್ಲಿ ಬಾಯಿಮಾತಲ್ಲಿ ಹೇಳಿದರೆ "ಮಾಡಣ ಬಿಡಿ ಮಾರಾಯ್ರೆ" ಅಂತಾರೆ, ಅಷ್ಟೇ. ದೂರು ಬರೆದುಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಜನನ ಪ್ರಮಾಣಪತ್ರದಂಥ, ಇಂತಿಷ್ಟು ದಿನದಲ್ಲಿ ಕೊಡಲೇಬೇಕಾದ ಸಕಾಲ ಸೇವೆಗಳಿಗೆ ಜಿಎಸ್‌ಸಿ ನಂಬರ್, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಕೇಳದೆ ಕೌಂಟರ್ ಬಿಡಬೇಡಿ. 2011ರ ಸಕಾಲ ಕಾಯ್ದೆ ಪ್ರಕಾರ ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆ ನಂಬರ್ ಇದ್ದರೆ ಫೈಲಿಗೆ ಕಾಲು ಬರುತ್ತದೆ.

ಒಟ್ಟು ಐದಕ್ಕೆ ಎರಡೂವರೆ. ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿಬಿಡಿ, ಶೇ 5 ರಿಯಾಯಿತಿ ಇದೆ.