ಬೆಟ್ಟದ ದಾರಿಯಲ್ಲಿ ಪಂಚರ್ ಆದಾಗ: ತೇಪೆಯೋ, ಹೊಸ ಟ್ಯೂಬೋ, ಸೀಲಂಟೋ?

ಮೈಸೂರಿನಲ್ಲಿ ಸೈಕಲ್ ತುಳಿಯುವವರಿಗೆ ಚಾಮುಂಡಿ ಬೆಟ್ಟವೇ ಗರಡಿಮನೆ. ಊರಿನಿಂದ ಸುಮಾರು 300 ಮೀಟರ್ ಎತ್ತರಕ್ಕೆ ಹೋಗುವ ಈ ದಾರಿಯಲ್ಲಿ ಏರುವಾಗ ಪಂಚರ್ ಆದರೆ ಹೊತ್ತು ಹಾಳಾಗುತ್ತದೆ, ಅಷ್ಟೆ. ಇಳಿಯುವಾಗ ತಿರುವಿನಲ್ಲಿ ಮುಂಚಕ್ರದ ಗಾಳಿ ಹೋದರೆ ಸೈಕಲ್ ಹಿಡಿತಕ್ಕೇ ಸಿಗುವುದಿಲ್ಲ. ಆದ್ದರಿಂದ ರಿಪೇರಿ ಎಷ್ಟು ಬೇಗ ಮುಗಿಯಿತು ಎನ್ನುವುದಕ್ಕಿಂತ, ಅದನ್ನು ನಂಬಿ ಬೆಟ್ಟ ಇಳಿಯಬಹುದೇ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಎರಡು ವರ್ಷ ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ. ನನ್ನದು ತೆಳು (700×28) ಟೈರಿನ, ಚಕ್ರದ ರಿಮ್ಮನ್ನೇ ಒತ್ತಿ ನಿಲ್ಲಿಸುವ ರಿಮ್ ಬ್ರೇಕಿನ ಸೈಕಲ್.

ಸಲ್ಯೂಷನ್ ಹಚ್ಚಿ ಅಂಟಿಸುವ ತೇಪೆ ಎಲ್ಲಕ್ಕಿಂತ ಅಗ್ಗ, ಸರಿಯಾಗಿ ಕೂತರೆ ಟ್ಯೂಬಿನಷ್ಟೇ ಬಾಳಿಕೆ. ಆದರೆ ಟ್ಯೂಬನ್ನು ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಅದರ ಹೊಳಪು ಆರುವವರೆಗೆ ಐದಾರು ನಿಮಿಷ ಕಾಯಲೇಬೇಕು. ಚಾಮುಂಡಿ ಬೆಟ್ಟದ ನಂದಿ ವಿಗ್ರಹದ ಬಳಿ ಒಂದು ಬೆಳಿಗ್ಗೆ ತುಂತುರು ಮಳೆಯಲ್ಲಿ ನಾನು ಆತುರಪಟ್ಟು ಅಂಟಿಸಿದ ತೇಪೆ ಎರಡನೆಯ ತಿರುವಿಗೇ ಎದ್ದು ಬಂದು, ಉಳಿದ ದಾರಿಯನ್ನೆಲ್ಲ ಸೈಕಲ್ ತಳ್ಳಿಕೊಂಡು ಇಳಿದೆ. ರಿಮ್ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ. ಆ ಕಾವೂ ಹಸಿ ತೇಪೆಗೆ ಒಳ್ಳೆಯದಲ್ಲ. ಸಲ್ಯೂಷನ್ ಬೇಡದ ಸ್ಟಿಕರ್ ತೇಪೆ ಮನೆ ಮುಟ್ಟಿಸುತ್ತದೆ, ಅದಕ್ಕಿಂತ ಹೆಚ್ಚು ನೆಚ್ಚಲಾರೆ.

ಹೊಸ ಟ್ಯೂಬ್ ಹಾಕಲು ನನಗೆ ಹನ್ನೆರಡು ನಿಮಿಷ ಸಾಕು, ಮಳೆಯಾದರೂ ತೊಂದರೆಯಿಲ್ಲ. ಹಿಂಚಕ್ರ ಬಿಚ್ಚುವ ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಗಾಲಿಗೆ ತಂದರೆ ಕೆಲಸ ಹಗುರ. ಇದರ ಅಪಾಯ ಇರುವುದು ಬೇರೆ ಕಡೆ. ಮೇಲುಕೋಟೆಗೆ ಹೋಗುವಾಗ ಜಕ್ಕನಹಳ್ಳಿಗೆ ಮುಂಚೆ ಹಾಕಿದ ಹೊಚ್ಚ ಹೊಸ ಟ್ಯೂಬ್ ಊರು ಸೇರುವಷ್ಟರಲ್ಲೇ ಕೂತುಹೋಯಿತು. ಅಲ್ಲಿನ ಪಂಚರ್ ಅಂಗಡಿಯ ಹಿರಿಯರು, “ಟ್ಯೂಬ್ ಆಮೇಲೆ ನೋಡುವ್ರಂತೆ, ಮೊದ್ಲು ಟೈರಲ್ಲಿ ಮುಳ್ಳು ಹುಡುಕಿ ಸಾ” ಎಂದು ಟೈರಿನ ಒಳಮೈಯಲ್ಲಿ ಬೆರಳಾಡಿಸಿ, ಹೊರಗಿನಿಂದ ಕಾಣದಂತೆ ಮುರಿದು ಕೂತಿದ್ದ ಜಾಲಿಮುಳ್ಳಿನ ಮೊನೆಯನ್ನು ಉಗುರಿನಲ್ಲಿ ಕಿತ್ತು ತೋರಿಸಿದರು. ಅದು ಅಕ್ಕಿಯ ನುಚ್ಚಿಗಿಂತ ದೊಡ್ಡದಿರಲಿಲ್ಲ. ಅಂದಿನಿಂದ ಟೈರಿನ ಮೇಲಿನ ಹೆಸರು ಸದಾ ವಾಲ್ವಿನ ನೇರಕ್ಕೇ ಬರುವಂತೆ ಕೂರಿಸುತ್ತೇನೆ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆಯೋ ಟೈರಿನಲ್ಲಿ ಮುಳ್ಳು ಆ ಹೆಸರಿನಿಂದ ಅಷ್ಟೇ ದೂರದಲ್ಲಿರುತ್ತದೆ. ಅಕ್ಕಪಕ್ಕದಲ್ಲಿ ಎರಡು ತೂತುಗಳಿದ್ದರೆ ಮಾತ್ರ ಸಾಮಾನ್ಯವಾಗಿ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆಯಿದ್ದು, ಹಳ್ಳಕ್ಕೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ಚಿಸಿಕೊಂಡದ್ದು.

ಟ್ಯೂಬಿನೊಳಗೆ ಸುರಿಯುವ ಸೀಲಂಟ್ ದ್ರವ ಸಣ್ಣ ಮುಳ್ಳಿಗೆ ನಿಜಕ್ಕೂ ಒಳ್ಳೆಯದು. ಕುಂತಿಬೆಟ್ಟದ ಸುತ್ತಿನ ಮಣ್ಣುದಾರಿಗಳಲ್ಲಿ, ಅಗಲ ಟೈರಿನ ಗೆಳೆಯನ ಸೈಕಲ್ಲಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. 80 ಪಿಎಸ್‌ಐ ಒತ್ತಡದ ನನ್ನ ಟೈರಿನಲ್ಲಿ ಮಾತ್ರ ತೂತು ಮುಚ್ಚುವ ಮೊದಲೇ ದ್ರವ ಚಿಮ್ಮಿ ಬ್ರೇಕಿಗೂ ಬಳಿದುಕೊಂಡಿತು. ಕೆಲವು ತಿಂಗಳಲ್ಲಿ ಅದು ಒಣಗಿಯೂ ಹೋಗುತ್ತದೆ, ಮತ್ತು ಅದರಿಂದ ಒದ್ದೆಯಾದ ಟ್ಯೂಬಿಗೆ ತೇಪೆ ಅಂಟುವುದಿಲ್ಲ. ನಾನು ಬಿಟ್ಟುಬಿಟ್ಟೆ.

ಈಗ ನನ್ನ ಚೀಲದಲ್ಲಿ ಎರಡು ಟ್ಯೂಬ್, ಒಂದು ಪುಟ್ಟ ಪಂಪು, ಮೂರನೆಯ ಪಂಚರ್ ಆದರೆ ಎಂದು ತೇಪೆಯ ಡಬ್ಬಿ, ಜೊತೆಗೆ ಸಣ್ಣ ಹಿತ್ತಾಳೆಯ ಅಡಾಪ್ಟರ್ ಇರುತ್ತವೆ. ನನ್ನ ತೆಳು ಪ್ರೆಸ್ಟಾ ವಾಲ್ವಿಗೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯುವುದು ಆ ಅಡಾಪ್ಟರ್ ಇದ್ದರೆ ಮಾತ್ರ. ತೂತಾದ ಟ್ಯೂಬುಗಳನ್ನು ಭಾನುವಾರ ಮನೆಯಲ್ಲಿ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ, ನಿಧಾನವಾಗಿ ತೇಪೆ ಹಾಕಿ, ಗಾಳಿ ತುಂಬಿಸಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆಗೂ ಗಾಳಿ ಇಳಿಯದೆ ಉಳಿದ ಟ್ಯೂಬ್ ಮಾತ್ರ ಚೀಲಕ್ಕೆ ಹೋಗುತ್ತದೆ.