ಮೆಟ್ಟಿಲು ಎಣಿಸಿ ಹೊರಡುತ್ತಿದ್ದೆವು: ಹೊನ್ನಾವರ ಕಡೆಯ ಒಂದು ಸಣ್ಣ ಬೀಚ್ ರೆಸಾರ್ಟ್, ಹಳೆಯ ಗಿರಾಕಿಯ ವಿಮರ್ಶೆ

ಹೊನ್ನಾವರ ತಾಲ್ಲೂಕಿನ ಕಡಲಂಚಿನಲ್ಲಿರುವ ಆರು ಕೋಣೆಗಳ ಈ ರೆಸಾರ್ಟ್‌ಗೆ ನಮ್ಮ ಕುಟುಂಬ ಹಲವು ವರ್ಷಗಳಿಂದ ಹೋಗಿ ಬರುತ್ತಿದೆ. ಕೋಣೆ ಎಷ್ಟು ದೊಡ್ಡದು, ಎಸಿ ಇದೆಯೇ, ಗೀಸರ್ ಇದೆಯೇ ಎಂಬುದೆಲ್ಲ ಬುಕಿಂಗ್ ಆ್ಯಪ್‌ಗಳಲ್ಲಿ ಸಿಗುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ರೆಸಾರ್ಟ್ ದಾವಣಗೆರೆಯಲ್ಲಿ ಕುಳಿತ ನಮಗೆ ಮೊಬೈಲಿನಲ್ಲಿ ಮೊದಲು ಹೇಗೆ ಕಾಣಿಸುತ್ತಿತ್ತು, ಈಗ ಹೇಗೆ ಕಾಣಿಸುತ್ತಿದೆ ಎಂಬುದನ್ನೇ ಹೇಳಬೇಕಾಗಿದೆ. ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಅಲ್ಲಿಗೆ ತಲುಪಲು ಅರ್ಧ ದಿನವೇ ಹೋಗುತ್ತದೆ. ಹೊರಡುವ ಮುನ್ನ ನಂಬಲು ನಮ್ಮ ಕೈಯಲ್ಲಿರುವುದು ಆ ಮೊಬೈಲ್ ಪರದೆ ಒಂದೇ. ನನ್ನ ದೂರು ಒಂದೇ ಸಂಗತಿಗೆ ಸಂಬಂಧಿಸಿದ್ದಾದ್ದರಿಂದ ರೆಸಾರ್ಟ್‌ನ ಹೆಸರು ಹಾಕುತ್ತಿಲ್ಲ.

ನನ್ನದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಭದ್ರಾ ಅಚ್ಚುಕಟ್ಟಿನ ಭತ್ತ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ರಜೆ ಎನ್ನುವ ಮಾತೇ ಇರುವುದಿಲ್ಲ. ಹಾಗಾಗಿ ನಮಗೆ ಸಿಗುವುದು ದಸರಾ ಸುತ್ತಿನ ಕೆಲವು ದಿನ, ಇಲ್ಲವೇ ಫೆಬ್ರವರಿ. ಜೊತೆಗೆ ಮಂಡಿ ನೋವಿನ ತಾಯಿ ಇರುತ್ತಾರೆ, ನೀರು ಕಂಡರೆ ನಿಲ್ಲದ ಇಬ್ಬರು ಮಕ್ಕಳಿರುತ್ತಾರೆ. ಕೋಣೆಗೆ ದಿನಕ್ಕೆ ಎರಡು, ಎರಡೂವರೆ ಸಾವಿರಕ್ಕಿಂತ ಹೆಚ್ಚು ಕೊಡುವ ಶಕ್ತಿ ನಮಗಿಲ್ಲ. ಈ ವಿಮರ್ಶೆಯನ್ನು ಅಷ್ಟು ತಿಳಿದುಕೊಂಡು ಓದಬೇಕೆಂದು ಕೋರುತ್ತೇನೆ.

ಮೊದಲಿನ ದಿನಗಳಲ್ಲಿ ಈ ರೆಸಾರ್ಟ್‌ಗೆ ವೆಬ್‌ಸೈಟ್ ಇರಲಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಒಂದು ಗುರುತು, ಅದರ ಕೆಳಗೆ ಒಂದು ಮೊಬೈಲ್ ನಂಬರ್, ಅಷ್ಟೇ ಇತ್ತು. ಆ ನಂಬರನ್ನು ಎತ್ತುತ್ತಿದ್ದವರು ರೆಸಾರ್ಟ್ ನಡೆಸುವ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಅಕ್ಕ ಪ್ರತಿದಿನ ಬೆಳಿಗ್ಗೆ ಏಳರ ಸುಮಾರಿಗೆ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಸಮುದ್ರದ ಒಂದು ಫೋಟೋ ಹಾಕುತ್ತಿದ್ದರು. ಫೋಟೋ ತೆಗೆಯುವ ಜಾಗ ಎಂದೂ ಬದಲಾಗುತ್ತಿರಲಿಲ್ಲ. ಎಡಕ್ಕೆ ವಾಲಿದ ಒಂದು ತೆಂಗಿನ ಮರ, ನಡುವೆ ಅಂಗಳದಿಂದ ಮರಳಿಗೆ ಇಳಿಯುವ ಚಿರೆಕಲ್ಲಿನ ಮೆಟ್ಟಿಲು, ಅದರಾಚೆ ನೀರು. ಕೆಳಗೆ ಒಂದು ಸಾಲು ಬರಹ: ‘ಇವತ್ತು ಐದು ಮೆಟ್ಟಿಲು, ಸಮುದ್ರ ಸಮಾಧಾನ’ ಎಂದೋ, ‘ಏಳು ಮೆಟ್ಟಿಲು, ಗಾಳಿ ಜೋರು, ನೀರಿಗೆ ಇಳಿಯುವುದು ಬೇಡ’ ಎಂದೋ ಇರುತ್ತಿತ್ತು.

ಮೆಟ್ಟಿಲಿನ ಲೆಕ್ಕ ಅರ್ಥವಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಅಲ್ಲಿರುವುದು ಒಟ್ಟು ಒಂಬತ್ತು ಮೆಟ್ಟಿಲು. ಮಳೆಗಾಲದ ಅಲೆಗಳು ತೀರದ ಮರಳನ್ನು ಎಳೆದುಕೊಂಡು ಹೋಗುವುದರಿಂದ ಆಗಸ್ಟ್ ಹೊತ್ತಿಗೆ ಒಂಬತ್ತೂ ಕಾಣುತ್ತವೆ, ಅವುಗಳ ಕೆಳಗಿನ ಬುನಾದಿ ಕಲ್ಲೂ ಕಾಣುತ್ತದೆ. ಮಳೆ ನಿಂತು ಸಮುದ್ರ ತಣ್ಣಗಾದ ಮೇಲೆ ಅದೇ ಅಲೆಗಳು ಮರಳನ್ನು ಮೆಲ್ಲನೆ ತಂದು ಸುರಿಯುತ್ತವೆ. ಫೆಬ್ರವರಿಯಲ್ಲಿ ಕೆಳಗಿನ ನಾಲ್ಕು ಮೆಟ್ಟಿಲು ಮರಳಿನಡಿ ಹೂತುಹೋಗಿ ಮೇಲಿನ ಐದು ಮಾತ್ರ ಉಳಿಯುತ್ತವೆ. ಐದು ಎಂದರೆ ಅಗಲವಾದ ತೀರ, ನಮ್ಮ ತಾಯಿ ಕೈ ಹಿಡಿದು ಇಳಿದು ನೀರಿನಲ್ಲಿ ಕಾಲು ನೆನೆಸಿ ಬರಬಹುದು. ಒಂಬತ್ತು ಎಂದರೆ ಅವರು ಅಂಗಳದಲ್ಲೇ ಕುಳಿತಿರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಒಂದೇ ಜಾಗದಿಂದ, ಒಂದೇ ಹೊತ್ತಿಗೆ ತೆಗೆದ ಆ ಫೋಟೋಗಳನ್ನು ದಿನವೂ ನೋಡುತ್ತ ನೋಡುತ್ತ, ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕುಳಿತು ನಾನು ಇದನ್ನೆಲ್ಲ ಕಲಿತೆ. ಗಿರಣಿಗೆ ಹೊರಡುವ ಮುನ್ನ ಚಹಾ ಕುಡಿಯುತ್ತ ಸ್ಟೇಟಸ್ ತೆರೆಯುವುದು, ತಾಯಿ ಅಡುಗೆಮನೆಯಿಂದಲೇ ‘ಇವತ್ತೆಷ್ಟಪ್ಪಾ?’ ಎಂದು ಕೇಳುವುದು, ನಾನು ಸಂಖ್ಯೆ ಹೇಳುವುದು ನಮ್ಮ ಮನೆಯಲ್ಲಿ ಪಂಚಾಂಗ ನೋಡಿದಷ್ಟೇ ಸಹಜವಾಗಿತ್ತು.

ಆ ಒಂದು ಸಾಲಿನ ಎಚ್ಚರಿಕೆಯ ಬೆಲೆ ದೊಡ್ಡದು. ನಮ್ಮ ಕಡೆಯ ಹುಡುಗರು ಈಜು ಕಲಿಯುವುದು ಭದ್ರಾ ನಾಲೆಯಲ್ಲಿ, ಇಲ್ಲವೇ ಬಾವಿಯಲ್ಲಿ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಸಮುದ್ರದ ಸೆಳೆತ ಹಾಗಲ್ಲ, ದಡಕ್ಕೆ ಬಂದ ನೀರು ಕಾಲಡಿಯ ಮರಳನ್ನೂ ಎಳೆದುಕೊಂಡು ಒಳಕ್ಕೆ ಹೋಗುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಅಕ್ಕನ ‘ಇಳಿಯುವುದು ಬೇಡ’ ಎಂಬ ಮಾತು. ಬಯಲುಸೀಮೆಯಿಂದ ಬರುವ ಕುಟುಂಬಕ್ಕೆ ಕಡಲಂಚಿನ ಹೋಟೆಲೊಂದು ಕೊಡಬಹುದಾದ ಅತಿ ಮುಖ್ಯ ಮಾಹಿತಿ ಅದೇ ಎಂದು ನಾನು ನಂಬಿದ್ದೇನೆ. ಮಳೆಗಾಲದಲ್ಲಿ ಯಾರಾದರೂ ಫೋನ್ ಮಾಡಿದರೆ ಅಕ್ಕ ಕೋಣೆ ಖಾಲಿ ಇದೆ ಎನ್ನುವುದಕ್ಕೂ ಮುಂಚೆ ‘ಬನ್ನಿ, ಆದರೆ ನೋಡ್ಲಿಕ್ಕೆ ಮಾತ್ರ’ ಎನ್ನುತ್ತಿದ್ದರು. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ಅವಧಿಯಲ್ಲಿ ತಾಜಾ ಮೀನು ಕಷ್ಟ ಎಂದೂ ಹೇಳಿಬಿಡುತ್ತಿದ್ದರು.

ನಾವು ಸಸ್ಯಾಹಾರಿಗಳು. ಹಿಂದಿನ ಸಂಜೆ ತಿಳಿಸಿದರೆ ನೀರುದೋಸೆ, ತಂಬುಳಿ, ಅಪ್ಪೆಹುಳಿ, ಊಟದ ಕೊನೆಗೆ ಮುರುಗಲು ಹಣ್ಣಿನ ಸಾರು, ಎಲ್ಲವೂ ಬೇರೆ ಪಾತ್ರೆಯಲ್ಲಿ ತಯಾರಾಗುತ್ತದೆ. ಇದರಲ್ಲಿ ಇಂದಿಗೂ ಒಂದು ಎಳೆಯಷ್ಟು ವ್ಯತ್ಯಾಸವಾಗಿಲ್ಲ.

ಬದಲಾದದ್ದು ಹೊರಗಿನ ಮುಖ. ಈಚೆಗೆ ಅಕ್ಕನ ಮಗ ಪ್ರಚಾರದ ಕೆಲಸವನ್ನು ನಗರದ ಏಜೆನ್ಸಿಯೊಂದಕ್ಕೆ ಒಪ್ಪಿಸಿದರು. ಹೊಸ ವೆಬ್‌ಸೈಟ್ ಬಂತು, ಡ್ರೋನ್ ವಿಡಿಯೊ ಬಂತು, ಇನ್‌ಸ್ಟಾಗ್ರಾಮ್ ಪುಟ ಬಂತು, ನಾಲ್ಕಾರು ಬುಕಿಂಗ್ ಆ್ಯಪ್‌ಗಳಲ್ಲಿ ಹೆಸರು ಬಂತು. ಬೆಳಗಿನ ಫೋಟೋ ನಿಂತಿತು. ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರ ಹೊಸ ರೂಪಕ್ಕೆ ಹೊಂದುವುದಿಲ್ಲ ಎಂದು ಏಜೆನ್ಸಿಯವರು ಹೇಳಿದರಂತೆ.

ಹೊಸ ವೆಬ್‌ಸೈಟ್‌ನಲ್ಲಿ ಸಮುದ್ರ ಗಾಜಿನಂಥ ನೀಲಿ. ಶರಾವತಿ ಬಂದು ಸೇರುವ ಈ ಕಡಲಿನ ನೀರು ವರ್ಷದ ಬಹುಭಾಗ ಬೂದು ಬೆರೆತ ಹಸಿರು, ಮಳೆಗಾಲದಲ್ಲಿ ಕೆಂಪು ಮಣ್ಣಿನ ಬಣ್ಣ; ಆ ಬಣ್ಣಗಳಿಗೂ ಅವುಗಳದೇ ಚೆಲುವಿದೆ. ಅದನ್ನು ಮರೆಮಾಡಿ ಹವಳದ ನಡುವೆ ಈಜುವವರ ಚಿತ್ರ ಹಾಕಿದ್ದಾರೆ. ಅಂಥ ನೋಟಕ್ಕೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದೊಳಗಿರುವ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕು. ‘ಬ್ಲೂ ಫ್ಲ್ಯಾಗ್ ಬೀಚ್’ ಎಂದು ಬರೆದಿದ್ದಾರೆ. ಅದು ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಸಿಗುವ ಅಂತರರಾಷ್ಟ್ರೀಯ ಮನ್ನಣೆ. 2020ರಲ್ಲಿ ನಮ್ಮ ರಾಜ್ಯದಿಂದ ಅದನ್ನು ಪಡೆದವು ಹೊನ್ನಾವರ ಪಕ್ಕದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಈ ರೆಸಾರ್ಟ್ ಇರುವ ತೀರ ಆ ಗುರುತಿಸಿದ ಭಾಗಕ್ಕೆ ಸೇರುವುದಿಲ್ಲ. ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ‘ಪ್ರೈವೇಟ್ ಬೀಚ್’ ಎಂಬ ಮಾತು. ನಮ್ಮ ದೇಶದಲ್ಲಿ ಕಡಲತೀರ ಸಾರ್ವಜನಿಕರದು. ಅದೇ ಮೆಟ್ಟಿಲಿನ ಮುಂದೆ ಮೀನುಗಾರರು ತಲೆಮಾರುಗಳಿಂದ ಕೈರಂಪಣಿ ಬಲೆ ಎಳೆಯುತ್ತಿದ್ದಾರೆ. ನಮ್ಮ ಮಕ್ಕಳೂ ಅವರೊಂದಿಗೆ ಹಗ್ಗ ಹಿಡಿದಿದ್ದಾರೆ. ಆ ಜನರಿಗೆ ಸೇರಿದ ಜಾಗವನ್ನು ಹೋಟೆಲಿನ ಸ್ವತ್ತು ಎಂದು ಬರೆಯುವುದು ತಪ್ಪು.

ಕಳೆದ ದಸರಾ ರಜೆಯಲ್ಲಿ ಈ ಹೊಸ ಮುಖವನ್ನು ನಂಬಿ ಹೋಗಬೇಕಾಯಿತು. ವೆಬ್‌ಸೈಟ್‌ನಲ್ಲಿರುವ ನಂಬರಿಗೆ ಕರೆ ಮಾಡಿದರೆ ಬೇರೊಂದು ಊರಿನ ಕಾಲ್ ಸೆಂಟರ್ ಸಿಕ್ಕಿತು. ಕರೆ ತೆಗೆದುಕೊಂಡ ಹುಡುಗಿ ವಿನಯದಿಂದಲೇ ಮಾತನಾಡಿದಳು. ಆದರೆ ಮೆಟ್ಟಿಲು ಎಷ್ಟು ಕಾಣುತ್ತಿದೆ, ಮರಳು ಬಂದಿದೆಯೇ ಎಂದು ಕೇಳಿದಾಗ ಅವಳಲ್ಲಿ ಉತ್ತರವಿರಲಿಲ್ಲ. ಅವಳು ಆ ಜಾಗವನ್ನೇ ನೋಡಿದವಳಲ್ಲ. ಅಕ್ಕನ ಹಳೆಯ ನಂಬರ್ ಆ ವಾರವೆಲ್ಲ ಸ್ವಿಚ್ ಆಫ್ ಇತ್ತು. ‘ತೀರ ಅಗಲವಾಗಿಯೇ ಇದೆ, ವಿಡಿಯೊ ನೋಡಿ ಸರ್’ ಎಂದಿದ್ದಳು ಕಾಲ್ ಸೆಂಟರಿನ ಹುಡುಗಿ. ಹೋಗಿ ನೋಡಿದರೆ ಒಂಬತ್ತು ಮೆಟ್ಟಿಲೂ ಕಾಣುತ್ತಿದ್ದವು. ಕೊನೆಯದು ಅರ್ಧ ಕುಸಿದಿತ್ತು, ಅದರಿಂದ ಮರಳಿಗೆ ಮೊಣಕಾಲೆತ್ತರದ ಇಳಿಜಾರು. ಗಾಳಿಮರವೊಂದು ಬೇರು ಸಮೇತ ಉರುಳಿ ದಾರಿಗೆ ಅಡ್ಡ ಬಿದ್ದಿತ್ತು. ತಾಯಿ ಎರಡು ದಿನವೂ ಅಂಗಳದ ಕಟ್ಟೆಯ ಮೇಲೆ ಕುಳಿತೇ ಸಮುದ್ರ ನೋಡಿ ಹಿಂದಿರುಗಿದರು. ಅವರು ಗೊಣಗಲಿಲ್ಲ. ಆದರೆ ಒಂದು ಫೋಟೋ ಇದ್ದಿದ್ದರೆ ನಾವು ಫೆಬ್ರವರಿಯವರೆಗೆ ಕಾಯುತ್ತಿದ್ದೆವು, ಅಥವಾ ಆ ರಜೆಯಲ್ಲಿ ಬೇರೆ ಕಡೆಗೆ ಹೋಗುತ್ತಿದ್ದೆವು.

ಮತ್ತೊಂದು ಮಾತು. ಈ ರೆಸಾರ್ಟ್‌ಗೆ ಬರುವವರಲ್ಲಿ ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಶಿವಮೊಗ್ಗದ ಕುಟುಂಬಗಳೇ ಹೆಚ್ಚು. ಅಂಗಳದಲ್ಲಿ ನಿಂತ ವಾಹನಗಳ ನಂಬರ್ ನೋಡಿದರೂ ತಿಳಿಯುತ್ತದೆ. ಹೀಗಿದ್ದೂ ವೆಬ್‌ಸೈಟ್‌ನಲ್ಲಿ ಒಂದು ಸಾಲು ಕನ್ನಡವಿಲ್ಲ. ಅಕ್ಕ ಕೈಯಾರೆ ಟೈಪ್ ಮಾಡುತ್ತಿದ್ದ ‘ನೀರಿಗೆ ಇಳಿಯುವುದು ಬೇಡ’ ಎಂಬ ಮಾತು ಈಗ ಇಂಗ್ಲಿಷಿನ ನಿಯಮಗಳ ಪಟ್ಟಿಯಲ್ಲಿ, ಚೆಕ್-ಔಟ್ ಸಮಯದ ಕೆಳಗೆ, ಸಣ್ಣ ಅಕ್ಷರದಲ್ಲಿ ಕುಳಿತಿದೆ. ನನ್ನ ತಾಯಿ ಅದನ್ನು ಓದಲಾರರು.

ಇಷ್ಟು ಬರೆದ ಮೇಲೆ ಅವರ ಕಡೆಯ ಲೆಕ್ಕವನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಎರಡನೆಯ ದಿನ ಸಂಜೆ ಅಕ್ಕ ತಾಯಿಯ ಪಕ್ಕದಲ್ಲಿ ಕುಳಿತು ಮಾತಿಗೆ ತೆರೆದುಕೊಂಡರು. ವಾರಾಂತ್ಯ ಬಿಟ್ಟರೆ ಕೋಣೆಗಳು ತುಂಬುವುದಿಲ್ಲ, ಮಳೆಗಾಲದ ನಾಲ್ಕು ತಿಂಗಳು ಆದಾಯವೇ ಇಲ್ಲ, ಹಳೆಯ ಗಿರಾಕಿಗಳನ್ನೇ ನಂಬಿದರೆ ಸಾಲದ ಕಂತು ಕಟ್ಟಲಾಗುವುದಿಲ್ಲ. ಆ್ಯಪ್‌ಗಳು ಹೊಸಬರನ್ನು ತರುತ್ತವೆ ಎಂಬುದು ನಿಜ. ಆದರೆ ಅವುಗಳ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 25ರವರೆಗೆ ಇರುತ್ತದೆ. 2,000 ರೂಪಾಯಿಯ ಕೋಣೆಗೆ ಶೇ 20 ಎಂದು ಹಿಡಿದರೆ 400 ರೂಪಾಯಿ, ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ ಎಂದು ಮತ್ತೆ 72. ಅಕ್ಕನ ಕೈಗೆ ಬರುವುದು 1,528. ಗಿರಾಕಿಗೂ ಇದರಿಂದ ಲಾಭವಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ, ನೋಂದಣಿ ಇಲ್ಲದ ಇಂಥ ಸಣ್ಣ ಜಾಗದಲ್ಲಿ ನೇರವಾಗಿ ಉಳಿದುಕೊಂಡರೆ ಜಿಎಸ್‌ಟಿ ಬೀಳುವುದಿಲ್ಲ. ಆ್ಯಪ್ ಮೂಲಕ ಹೋದರೆ ಅದೇ ಕೋಣೆಯ ತೆರಿಗೆಯನ್ನು ಆ್ಯಪ್‌ನವರೇ ವಸೂಲು ಮಾಡಿ ಕಟ್ಟಬೇಕೆಂಬುದು ನಿಯಮ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಅದು ಶೇ 5, ಅದಕ್ಕೂ ಮುಂಚೆ ಶೇ 12 ಇತ್ತು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅಕ್ಕ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಅವರ ಮೇಲಿದ್ದ ನನ್ನ ಕೋಪ ಅಲ್ಲಿಗೆ ಇಳಿಯಿತು.

ಆ್ಯಪ್‌ಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಹೊಸ ಗಿರಾಕಿ ಒಮ್ಮೆ ಅಲ್ಲಿಂದ ಬರಲಿ. ಎರಡನೆಯ ಸಲ ನೇರವಾಗಿ ಫೋನ್ ಮಾಡುವಂತೆ ಅವರನ್ನು ಹಿಡಿದಿಡುವುದು ಅಕ್ಕನ ಆ ಬೆಳಗಿನ ಫೋಟೋ. ವೆಬ್‌ಸೈಟ್‌ನ ಮೊದಲ ಪುಟದಲ್ಲಿ ಡ್ರೋನ್ ವಿಡಿಯೊ ಇರುವ ಜಾಗಕ್ಕೆ ದಿನದ ಫೋಟೋ ಬರಬೇಕು, ಅದರ ಕೆಳಗೆ ತಾರೀಕು ಮತ್ತು ಕನ್ನಡದಲ್ಲಿ ಒಂದು ಸಾಲು ಇರಬೇಕು. ಹನ್ನೆರಡು ತಿಂಗಳ ಹನ್ನೆರಡು ಚಿತ್ರಗಳನ್ನು ಒಂದೇ ಕಡೆ ಹಾಕಿದರೆ ಯಾವಾಗ ಬರಬೇಕು, ಯಾವಾಗ ಬೇಡ ಎಂಬುದು ಯಾರಿಗಾದರೂ ತಿಳಿಯುತ್ತದೆ. ಮಳೆಗಾಲದ ಚಿತ್ರ ನೋಡಿ ಜನ ಬರುವುದಿಲ್ಲ ಎಂಬ ಏಜೆನ್ಸಿಯವರ ಭಯಕ್ಕೆ ಆಧಾರವಿಲ್ಲ. ಅಲೆಯ ಅಬ್ಬರ ನೋಡಲೆಂದೇ ಜುಲೈನಲ್ಲಿ ಹೋಗುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ಒಳ್ಳೆಯ ಊಟ, ಒಣಗಿದ ಹಾಸಿಗೆ ಮತ್ತು ಬಿಸಿನೀರು ಕೇಳುತ್ತಾರೆ, ಅದು ಇಲ್ಲಿ ಸಿಗುತ್ತದೆ.

ವಾಸ್ತವ್ಯಕ್ಕೆ ನಾನು ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ವೆಬ್‌ಸೈಟ್‌ಗೆ ಒಂದೂವರೆ. ಕುಟುಂಬದೊಂದಿಗೆ ಹೋಗುವವರು ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯೊಳಗೆ ಹೋಗಬೇಕು. ವಯಸ್ಸಾದವರಿದ್ದರೆ ಫೆಬ್ರವರಿಯೇ ಸರಿ. ಬುಕ್ ಮಾಡುವ ಮುನ್ನ ಅಲ್ಲಿಯವರ ಸ್ವಂತ ನಂಬರ್ ಕೇಳಿ ಪಡೆಯಿರಿ, ಆ ದಿನ ತೆಗೆದ ಮೆಟ್ಟಿಲಿನ ಫೋಟೋ ಕಳುಹಿಸಲು ಹೇಳಿರಿ. ಅಕ್ಕನ ನಂಬರ್ ಈಗ ಮತ್ತೆ ಚಾಲ್ತಿಯಲ್ಲಿದೆ, ಕೇಳಿದವರಿಗೆ ಅವರು ಕಳುಹಿಸುತ್ತಾರೆ. ವೆಬ್‌ಸೈಟ್‌ನಲ್ಲಿ ‘ಪ್ರೈವೇಟ್ ಬೀಚ್’ ಎಂಬ ಮಾತು ನಾನು ಇದನ್ನು ಬರೆಯುವ ಹೊತ್ತಿಗೂ ಹಾಗೆಯೇ ಇದೆ. ಬರುವ ಫೆಬ್ರವರಿಗೆ ನಾವು ಎರಡು ಕೋಣೆ ಹೇಳಿದ್ದೇವೆ, ಮುಂಗಡವನ್ನು ನೇರವಾಗಿ ಅವರಿಗೇ ಕಳುಹಿಸಿದ್ದೇವೆ.