ತೀರಾ ಬೆಳ್ಳಗಿರುವ ಜೆಟ್‌ಫೈರ್ ಕಂಡರೆ ಸ್ವಲ್ಪ ನಿಲ್ಲಿ

ಪಾರ್ಸೆಲ್ ಬಿಚ್ಚಿದ ಮೊದಲ ಅರ್ಧ ಗಂಟೆ ನಾನು ನೆಲದ ಮೇಲೆ ಇರಲಿಲ್ಲ. ಕೈಯಲ್ಲಿ 1985ರ ಜೆಟ್‌ಫೈರ್, ಜೆಟ್ ವಿಮಾನದಿಂದ ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆ. ಬೆಳ್ಳನೆ ಮೈ, ಬೆನ್ನ ಮೇಲೆ ಕೆಂಪು ಬೂಸ್ಟರ್‌ಗಳು, ಒಂದು ಸ್ಟಿಕರ್ ಕೂಡ ಎದ್ದಿಲ್ಲ. ಮೇಜಿನ ಮೇಲಿಟ್ಟು ಆ ಕಡೆಯಿಂದ ಈ ಕಡೆಯಿಂದ ನೋಡಿದ್ದೇ ನೋಡಿದ್ದು. ಆಮೇಲೆ ರೋಬೋ ಮಾಡೋಣ ಅಂತ ನಿಧಾನಕ್ಕೆ ಬಿಚ್ಚಲು ಶುರು ಮಾಡಿದೆ. ಬೆನ್ನಿನ ಕೀಲು 'ಟಕ್' ಅಂದಿತು.

ಹಳೇ ಟ್ರಾನ್ಸ್‌ಫಾರ್ಮರ್ಸ್ ಜೆಟ್‌ಗಳನ್ನು, ಅದರಲ್ಲೂ ಬಿಳಿ ಬಣ್ಣದವನ್ನು, ಸೆಕೆಂಡ್ ಹ್ಯಾಂಡ್ ಕೊಳ್ಳುವ ಆಸೆ ಇರುವವರು ದಯವಿಟ್ಟು ಪೂರ್ತಿ ಓದಿ. ನಾನು ಈ ಹುಚ್ಚಿಗೆ ಬಿದ್ದು ಹತ್ತು ವರ್ಷ ಆಯಿತು. ಹೊಸಬನಾಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಗೊತ್ತಿದ್ದೂ ಗುಂಡಿಗೆ ಬಿದ್ದೆ, ಅದಕ್ಕೇ ನಾಚಿಕೆ ಜಾಸ್ತಿ.

ಈ ಆಟಿಕೆಯ ಹುಟ್ಟಿನ ಕಥೆ ಸ್ವಲ್ಪ ಹೇಳಬೇಕು. ನನಗಾದ ಮೋಸದ ಬೇರು ಅಲ್ಲೇ ಇದೆ. 1984ರಲ್ಲಿ ಅಮೆರಿಕದ ಹಾಸ್ಬ್ರೋ ಕಂಪನಿ ಟ್ರಾನ್ಸ್‌ಫಾರ್ಮರ್ಸ್ ಮಾರಲು ಶುರು ಮಾಡಿದಾಗ ಬಹುಪಾಲು ಆಟಿಕೆಗಳ ಅಚ್ಚು ಜಪಾನಿನ ಟಕಾರಾ ಕಂಪನಿಯದು. ಸ್ಟಾರ್‌ಸ್ಕ್ರೀಮ್ ಅನ್ನುವ ಇನ್ನೊಂದು ಜೆಟ್ ಬಂದದ್ದು ಹಾಗೆ, ಟಕಾರಾದ ಡಯಾಕ್ಲೋನ್ ಸಾಲಿನಿಂದ. ಜೆಟ್‌ಫೈರ್ ಮಾತ್ರ ಬೇರೆ ಮನೆಯ ಕೂಸು. 1982ರಲ್ಲಿ ಜಪಾನಿನ ಟೀವಿಯಲ್ಲಿ ಶುರುವಾದ ಮ್ಯಾಕ್ರಾಸ್ ಸರಣಿಗಾಗಿ ಟಕಾಟೋಕು ಅನ್ನುವ ಕಂಪನಿ 1/55 ಅಳತೆಯ ವಾಲ್ಕಿರೀ ವಿಮಾನ ಮಾಡಿತ್ತು. ಅಮೆರಿಕದ ಎಫ್-14 ಯುದ್ಧವಿಮಾನದ ಹಾಗೆ ರೆಕ್ಕೆ ಹಿಂದಕ್ಕೆ ಸರಿಯುವ ವಿಮಾನ. ಅದಕ್ಕೇ ಬೇರೆ ಬಣ್ಣ ಹಚ್ಚಿ ಹಾಸ್ಬ್ರೋ ಜೆಟ್‌ಫೈರ್ ಅಂತ ಮಾರಿತು. ಅಷ್ಟರಲ್ಲಿ, 1984ರಲ್ಲೇ, ಟಕಾಟೋಕು ದಿವಾಳಿಯಾಗಿ ಅಚ್ಚು ಜಪಾನಿನದೇ ಇನ್ನೊಂದು ಆಟಿಕೆ ಕಂಪನಿ ಬಂಡಾಯಿ ಕೈಗೆ ಹೋಯಿತು. ಬಂಡಾಯಿಗೂ ಟಕಾರಾಗೂ ಮಾರುಕಟ್ಟೆಯಲ್ಲಿ ಎಣ್ಣೆ ಸೀಗೇಕಾಯಿ ಸಂಬಂಧ. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನಲ್ಲಿ ಈ ಪಾತ್ರದ ಮುಖವೂ ಬೇರೆ, ಸ್ಕೈಫೈರ್ ಅಂತ ಹೆಸರೂ ಬೇರೆ ಆಗಿದ್ದು ಈ ಜಗಳದಿಂದಲೇ.

ನಮಗೆ ಬೇಕಾದ ವಿಷಯ ಏನೆಂದರೆ, ಈ ಒಂದೇ ಅಚ್ಚಿನಿಂದ ಹುಟ್ಟಿದ ಅಣ್ಣತಮ್ಮಂದಿರು ತುಂಬಾ ಜನ. ಮ್ಯಾಕ್ರಾಸ್ ವಾಲ್ಕಿರೀಗಳಿವೆ, ಟಕಾಟೋಕು ಗುರುತಿನ ಜೆಟ್‌ಫೈರ್ ಇದೆ, ಬಂಡಾಯಿ ಗುರುತಿನ ಜೆಟ್‌ಫೈರ್ ಇದೆ, ಆಮೇಲೆ ಬಂಡಾಯಿ ಮತ್ತೆ ಮತ್ತೆ ತಂದ ವಾಲ್ಕಿರೀಗಳಿವೆ. ಇದರ ಕಾಲು ಅದಕ್ಕೆ ಕೂರುತ್ತದೆ, ಅದರ ರೆಕ್ಕೆ ಇದಕ್ಕೆ ಕೂರುತ್ತದೆ. ಮೂರು ಮುರುಕಲು ಸೇರಿಸಿ ಒಂದು 'ಕಂಪ್ಲೀಟ್' ಮಾಡುವುದು ಸ್ಕ್ರೂಡ್ರೈವರ್ ಹಿಡಿಯಲು ಬಂದವರಿಗೆ ಒಂದು ಸಂಜೆಯ ಕೆಲಸ.

ನಾನು ನೋಡಿದ ಜಾಹೀರಾತಿನಲ್ಲಿ ಹೀಗಿತ್ತು: ಕಂಪ್ಲೀಟ್, ಸಿ9, ಹಳದಿ ಇಲ್ಲ, ಟಕಾಟೋಕು ಗುರುತಿನದು.

ಸಿ9 ಅಂದರೆ ಗೊತ್ತಲ್ಲ, ಸಂಗ್ರಹಕಾರರು ಒಂದರಿಂದ ಹತ್ತರವರೆಗೆ ಕೊಡುವ ಅಂಕ. ಹತ್ತು ಅಂದರೆ ಕಾರ್ಖಾನೆಯಿಂದ ಈಗ ತಾನೇ ಬಂದಂತೆ. ಆದರೆ ಡಬ್ಬಿ ಇಲ್ಲದ ಬಿಡಿ ಆಟಿಕೆಗೆ ಆ ಅಂಕ ಕೊಡುವವರು ಸಾಮಾನ್ಯವಾಗಿ ಯಾರು? ಮಾರುವವರೇ. ಪರೀಕ್ಷೆ ಬರೆದವರೇ ಮೌಲ್ಯಮಾಪನ ಮಾಡಿಕೊಂಡ ಹಾಗೆ. ನಾನಂತೂ ಈಗ ಆ ಅಂಕಿಯನ್ನು ಓದುವುದನ್ನೇ ಬಿಟ್ಟಿದ್ದೇನೆ.

ಫೋಟೋ ಹನ್ನೊಂದು ಇದ್ದವು. ಹನ್ನೊಂದೂ ಜೆಟ್ ರೂಪದ್ದೇ. ಮೇಲಿಂದ, ಪಕ್ಕದಿಂದ, ಮೂಗಿನ ಹತ್ತಿರದಿಂದ. ರೋಬೋ ಮಾಡಿ ಒಂದು ಫೋಟೋ ಹಾಕ್ತೀರಾ ಅಂತ ಕೇಳಿದೆ. ಉತ್ತರ ಬಂತು: "ಕೀಲೆಲ್ಲ ಬಿಗಿಯಾಗಿದೆ. ಸುಮ್ನೆ ಮಡಚಿ ಬಿಚ್ಚಿ ಮಾಡೋದು ಬೇಡ ಅಂತ ಹಾಗೇ ಇಟ್ಟಿದ್ದೀನಿ. ನಲವತ್ತು ವರ್ಷದ ಪ್ಲಾಸ್ಟಿಕ್ ಅಲ್ವಾ."

ಎಷ್ಟು ಜವಾಬ್ದಾರಿ ಇರುವ ಮನುಷ್ಯ ಅನ್ನಿಸಿತು ನನಗೆ! ನಾನೂ ನನ್ನ ಹಳೇ ಆಟಿಕೆಗಳನ್ನು ಹಾಗೇ ನೋಡಿಕೊಳ್ಳುತ್ತೇನೆ. ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮರುದಿನ ಇನ್ನೊಂದು ಮೆಸೇಜ್: "ಇನ್ನೊಬ್ರು ಕೇಳ್ತಿದ್ದಾರೆ, ಸಂಜೆವರೆಗೆ ಮಾತ್ರ ನಿಮಗೆ ಇಟ್ಟಿರ್ತೀನಿ. ಸ್ನೇಹಿತರಿಗೆ ಕಳಿಸೋ ಥರ ದುಡ್ಡು ಹಾಕಿ, ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ." ಹಾಗೆ ಕಳಿಸಿದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಇರುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೇರೆಯವರಿಗೆ ನಾನೇ ಬುದ್ಧಿ ಹೇಳಿದ್ದೇನೆ. ಆದರೂ ಕಳಿಸಿದೆ.

ಈಗ ಆ 'ಟಕ್' ಹತ್ತಿರ ವಾಪಸ್ ಬರೋಣ.

ರೆಕ್ಕೆಯ ಹಿಂದಿನ ಭಾಗ ಬೆನ್ನಿನ ಮೇಲೆ ಮಡಚಿಕೊಳ್ಳುವ ಕಡೆ ಒಂದು ಕೀಲು ಇದೆ. ಅದು ಮೊದಲೇ ಮುರಿದಿತ್ತು. ಸೂಪರ್ ಗ್ಲೂ ಹಾಕಿ ಅಂಟಿಸಿದ್ದರು. ಜೆಟ್ ಆಗಿ ಕೂತಿರುವಾಗ ಆ ಕೀಲಿಗೆ ಯಾವ ಭಾರವೂ ಬೀಳುವುದಿಲ್ಲ, ಹಾಗಾಗಿ ನೋಡಲು ಸರಿಯಾಗೇ ಇತ್ತು. ಮುರಿದ ತುಂಡನ್ನು ಭೂತಗನ್ನಡಿಯಲ್ಲಿ ನೋಡಿದೆ. ಬಿರುಕಿನ ಪಕ್ಕ ಗಾಜಿಗೆ ಉಸಿರು ಬಿಟ್ಟ ಹಾಗೆ ಬಿಳಿ ಮಬ್ಬು. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಪಕ್ಕದಲ್ಲಿ ಕೂತು ಹೀಗೆ ಮಬ್ಬು ಬಿಡುತ್ತದೆ. ಬಿಳಿ ಪ್ಲಾಸ್ಟಿಕ್ ಮೇಲೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಸ್ಕೈವಾರ್ಪ್ ಅನ್ನುವ ಕಪ್ಪು ಜೆಟ್ ಮೇಲಾದರೆ ಫೋಟೋದಲ್ಲೇ ಸಿಕ್ಕಿಬೀಳುತ್ತಿತ್ತು.

ಒಂದು ಸುಳ್ಳು ಸಿಕ್ಕ ಮೇಲೆ ಸುಮ್ಮನೆ ಕೂರಲು ಆಗುತ್ತದಾ? ಪೂರ್ತಿ ಬಿಚ್ಚಿದೆ.

ಕಾಲುಗಳನ್ನು ಕೆಳಕ್ಕೆ ಇಳಿಸಿ ಒಳಮೈ ನೋಡಿದಾಗ ಒಂದು ಕ್ಷಣ ಏನೂ ಅರ್ಥ ಆಗಲಿಲ್ಲ. ಹೊರಗೆಲ್ಲ ಅಚ್ಚ ಬಿಳಿ. ಕೀಲಿನ ಸಂದು, ಸ್ಕ್ರೂ ಹೋಗುವ ಗುಂಡಿಯ ಅಂಚು, ರೆಕ್ಕೆ ಒಳಗೆ ಸರಿಯುವ ಸೀಳು, ಇಲ್ಲೆಲ್ಲ ಹಳೇ ದಿನಪತ್ರಿಕೆಯ ಹಳದಿ. ಲೆಕ್ಕದ ಪ್ರಕಾರ ಇದು ಉಲ್ಟಾ. ಈ ಆಟಿಕೆಯ ಬಿಳಿ ಭಾಗ ಎಬಿಎಸ್ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣ, ಶಾಖ, ಗಾಳಿಯ ಆಮ್ಲಜನಕ ಎಲ್ಲ ಸೇರಿ ಅದರೊಳಗಿನ ರಬ್ಬರ್ ಅಂಶವನ್ನು ಕೆಡಿಸಿ ಹಳದಿ ಮಾಡುತ್ತವೆ. ಹಾಗಾಗಿ ಬೆಳಕಿಗೆ ಬಿದ್ದ ಮೈ ಜಾಸ್ತಿ ಹಳದಿ ಆಗಬೇಕು, ನೆರಳಿನ ಜಾಗ ಬಿಳಿ ಉಳಿಯಬೇಕು. ನನ್ನ ಹತ್ತಿರ ಇರುವ ಇನ್ನೊಂದು ವಾಲ್ಕಿರೀಯಲ್ಲಿ ಹಾಗೇ ಇದೆ: ಮೈಮೇಲೆ ಕೂರಿಸುವ ಕೆಂಪು ಕವಚ ಕಳಚಿದರೆ ಅದರ ಆಕಾರದ್ದೇ ಬಿಳಿ ನೆರಳು ಕೆಳಗೆ ಕಾಣುತ್ತದೆ. ಇದರಲ್ಲಿ ಹೊರಗೆ ಬಿಳಿ, ಸಂದಿಯಲ್ಲಿ ಹಳದಿ. ಹಾಗೆಂದರೆ ಹೊರಗಿನದನ್ನು ಯಾರೋ ತೊಳೆದಿದ್ದಾರೆ, ಸಂದಿಗೆ ಬ್ರಷ್ ಹೋಗಿಲ್ಲ.

ರೆಟ್ರೋಬ್ರೈಟ್ ಅಂತಾರೆ ಇದಕ್ಕೆ. ಹಳೇ ಕಂಪ್ಯೂಟರ್ ರಿಪೇರಿ ಮಾಡುವ ಹವ್ಯಾಸಿಗಳು 2008ರ ಹೊತ್ತಿಗೆ ಜನಪ್ರಿಯ ಮಾಡಿದ ಉಪಾಯ. ಹೈಡ್ರೋಜನ್ ಪೆರಾಕ್ಸೈಡ್ ದ್ರವದಲ್ಲಿ ಮುಳುಗಿಸುತ್ತಾರೆ, ಇಲ್ಲ ಕೂದಲಿಗೆ ಹಚ್ಚುವ ಬ್ಲೀಚ್ ಕ್ರೀಮ್ ಬಳಿಯುತ್ತಾರೆ, ಆಮೇಲೆ ಬಿಸಿಲಿಗೋ ಯುವಿ ದೀಪಕ್ಕೋ ಇಡುತ್ತಾರೆ. ಹಳದಿ ಹೋಗುತ್ತದೆ. ಮ್ಯಾಜಿಕ್ ಥರ ಕಾಣುತ್ತದೆ, ನಿಜ. ಆದರೆ ಕೆಲಸ ನಡೆಯುವುದು ಮೇಲ್ಪದರದಲ್ಲಿ ಮಾತ್ರ. ಹಳದಿ ವಾಪಸ್ ಬರಬಹುದು, ಕತ್ತಲೆ ಕಪಾಟಿನಲ್ಲಿ ಇಟ್ಟರೂ ಬರಬಹುದು. ಕ್ರೀಮ್ ಒಂದು ಕಡೆ ಬೇಗ ಒಣಗಿದರೆ ಮೋಡದಂಥ ಕಲೆ ಕೂರುತ್ತದೆ, ಅದನ್ನು ತೆಗೆಯುವುದು ಕಷ್ಟ. ಬಣ್ಣದ ಭಾಗಗಳಿಗೆ ತಾಗಿದರೆ ಅವೂ ಪೇಲವ ಆಗುತ್ತವೆ.

ರೆಟ್ರೋಬ್ರೈಟ್ ಮಾಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಿಮ್ಮ ಆಟಿಕೆ, ನಿಮ್ಮ ಇಷ್ಟ. ಮಾಡಿದ್ದೇನೆ ಅಂತ ಹೇಳಿ ಮಾರಿದರೆ ನಾನೇ ಕೊಂಡುಕೊಂಡೇನು, ಕಡಿಮೆ ಬೆಲೆಗೆ. 'ಹಳದಿ ಇಲ್ಲ' ಅಂತ ಬರೆದು ಸುಮ್ಮನಾಗುವುದು ಬೇರೆ ವಿಷಯ. ಆ ಮಾತು ಸುಳ್ಳೂ ಅಲ್ಲ, ನೋಡಿ! ಫೋಟೋ ತೆಗೆದ ದಿನ ಹಳದಿ ಇರಲಿಲ್ಲ.

ಇನ್ನು ಟಕಾಟೋಕು ಗುರುತು. ಅದನ್ನು ಹುಡುಕಿದೆ, ಸಿಗಲಿಲ್ಲ. ಗುರುತು ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ತುಂಬಾ ನಯವಾಗಿತ್ತು. ಟಾರ್ಚನ್ನು ಅಡ್ಡಕ್ಕೆ ಹಿಡಿದು ನೋಡಿದಾಗ ಗೊತ್ತಾಯಿತು: ಒಂದೇ ದಿಕ್ಕಿನಲ್ಲಿ, ಪಕ್ಕಪಕ್ಕದಲ್ಲಿ, ಕೂದಲೆಳೆಯಂಥ ಗೀರುಗಳು. ನುಣ್ಣನೆ ಮರಳು ಕಾಗದ ಹಾಕಿ ಅಲ್ಲಿದ್ದ ಬೇರೆ ಗುರುತನ್ನು ಉಜ್ಜಿ ತೆಗೆದಿದ್ದರು. ಎರಡು ಕಾಲಿನ ಬಿಳಿಯೂ ಒಂದೇ ಅಲ್ಲ. ಒಂದು ಸ್ವಲ್ಪ ಬೂದು ಕಡೆಗೆ, ಇನ್ನೊಂದು ನೀಲಿ ಕಡೆಗೆ. ಯುವಿ ಟಾರ್ಚ್ ಹಾಕಿದರೆ ಎರಡೂ ಬೇರೆ ಬೇರೆ ಥರ ಹೊಳೆದವು. ಇದೊಂದನ್ನೇ ಸಾಕ್ಷಿ ಅಂತ ಹಿಡಿಯಬೇಡಿ, ತೊಳೆದ ಪ್ಲಾಸ್ಟಿಕ್ ಕೂಡ ಬೇರೆ ಥರ ಹೊಳೆಯಬಹುದು. ಆದರೆ ಒಂದು ಕಾಲಿನ ಸ್ಕ್ರೂಗಳ ತಲೆ ಹರಿದಿತ್ತು, ಇನ್ನೊಂದರದ್ದು ಹೊಚ್ಚ ಹೊಸದರಂತಿತ್ತು. ಎಲ್ಲ ಸೇರಿಸಿದರೆ ಕಥೆ ತಾನೇ ಹೊರಗೆ ಬರುತ್ತದೆ.

ಸ್ಟಿಕರ್‌ಗಳು ಹೊಸ ಪ್ರಿಂಟ್. ಅದನ್ನು ಅಷ್ಟು ದೊಡ್ಡ ಅಪರಾಧ ಅನ್ನಲಾರೆ, ಹಳೇ ಸ್ಟಿಕರ್ ಉಳಿದಿರುವುದೇ ಅಪರೂಪ. ಕೆಂಪು ಕವಚದಲ್ಲಿ ಒಂದು ಕೈಯದು ನಕಲಿ. ಪಕ್ಕದ್ದಕ್ಕಿಂತ ಹಗುರ, ಅಂಚು ಒರಟು, ಕೂರಿಸಿದರೆ ಅಲ್ಲಾಡುತ್ತದೆ.

ವಾಪಸ್ ಕಳಿಸುತ್ತೇನೆ ಅಂದೆ. ಫೋಟೋ ಎಲ್ಲ ಕಳಿಸಿದೆ. ಬಂದ ಉತ್ತರ ಒಂದೇ ಸಾಲು: "ನಾನು ಮೊದಲೇ ಹೇಳಿದ್ದೆ ಮಡಚೋಕೆ ಹೋಗ್ಬೇಡಿ ಅಂತ, ನೀವೇ ಮುರಿದುಬಿಟ್ಟಿರಿ." ಅವತ್ತಿನ ಆ ಕಾಳಜಿಯ ಮಾತು ಯಾಕೆ ಬಂದಿತ್ತು ಅಂತ ಆಗ ಹೊಳೆಯಿತು. ಫೋಟೋ ಕೊಡದೆ ಇರುವುದಕ್ಕೂ ಅದೇ ನೆಪ, ದುಡ್ಡು ಕೊಡದೆ ಇರುವುದಕ್ಕೂ ಅದೇ ನೆಪ. ಪಾರ್ಸೆಲ್ ಬಿಚ್ಚುವುದನ್ನು ನಾನು ವಿಡಿಯೋ ಮಾಡಿರಲಿಲ್ಲ. ದುಡ್ಡು ಸ್ನೇಹಿತನಿಗೆ ಕಳಿಸಿದ ಲೆಕ್ಕದಲ್ಲಿ ಹೋಗಿತ್ತು. ದೂರು ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಇದೆಲ್ಲ ಆಗಿ ಐದು ತಿಂಗಳಾಯಿತು. ಕಪಾಟಿನಲ್ಲಿ, ಬಿಸಿಲು ಬೀಳದ ಕಡೆ ಇಟ್ಟಿದ್ದೆ. ಮೂರನೇ ತಿಂಗಳಿಗೆ ಎಡಗಾಲು ಬಣ್ಣ ತಿರುಗಲು ಶುರುವಾಯಿತು. ಈಗ ಎಡಗಾಲು ಹಳದಿ, ಬಲಗಾಲು ಬಿಳಿ, ಎದೆಯ ಮೇಲೆ ಮೋಡ ಮೋಡ. ಯಾವ ಭಾಗ ಯಾವ ಆಟಿಕೆಯಿಂದ ಬಂದದ್ದು ಅಂತ ಅದೇ ನಕ್ಷೆ ಬರೆದು ತೋರಿಸುತ್ತಿದೆ.

ಈಗ ನಾನು ಕೊಳ್ಳುವ ರೀತಿ ಬದಲಾಗಿದೆ. ಜೆಟ್ ಫೋಟೋ ನೋಡುವುದೇ ಇಲ್ಲ ಅಂದರೂ ಸರಿ. ಜೆಟ್‌ಗೂ ರೋಬೋಗೂ ನಡುವೆ, ಅರ್ಧ ಬಿಚ್ಚಿದ ಸ್ಥಿತಿಯ ಫೋಟೋ ಕೇಳುತ್ತೇನೆ, ಕೀಲುಗಳ ಹತ್ತಿರದಿಂದ. ವಾಲ್ಕಿರೀ ಅಚ್ಚಿಗೆ ಇದು ಇನ್ನೂ ಸುಲಭ. ಕಾಲು ಕೆಳಗೆ ಬಂದು ಮೇಲೆ ವಿಮಾನವೇ ಉಳಿಯುವ ನಡು ರೂಪ ಅದಕ್ಕೆ ಮೊದಲೇ ಇದೆ, ಗರ್ವಾಕ್ ಅನ್ನುತ್ತಾರೆ. ಆ ಒಂದು ಫೋಟೋದಲ್ಲಿ ಬೆನ್ನು, ಸೊಂಟ, ಕಾಲಿನ ಒಳಮೈ ಎಲ್ಲ ಕಾಣುತ್ತದೆ. ಅಚ್ಚಿನ ಗುರುತಿನ ಫೋಟೋ ಬೇರೆ, ಅಡ್ಡ ಬೆಳಕಿನಲ್ಲಿ. ಕವಚ ಕಳಚಿಟ್ಟು ಕೆಳಗಿನ ಮೈಯದು ಒಂದು. ಇವತ್ತಿನ ತಾರೀಕು ಬರೆದ ಚೀಟಿ ಪಕ್ಕದಲ್ಲಿ ಇಟ್ಟು ತೆಗೆಯಿರಿ ಅನ್ನುತ್ತೇನೆ, ಕದ್ದ ಫೋಟೋ ಆಗಿದ್ದರೆ ಅಲ್ಲೇ ಮಾತು ನಿಲ್ಲುತ್ತದೆ. ರೆಟ್ರೋಬ್ರೈಟ್ ಆಗಿದೆಯಾ ಅಂತ ನೇರ ಕೇಳಿ ಬರಹದಲ್ಲಿ ಉತ್ತರ ತೆಗೆದುಕೊಳ್ಳುತ್ತೇನೆ. "ನನಗೆ ಗೊತ್ತಿರುವ ಹಾಗೆ ಇಲ್ಲ" ಅಂದರೆ ಆಗಿದೆ ಅಂತಲೇ ನನ್ನ ಲೆಕ್ಕ.

ಸಮವಾಗಿ ತೆಳು ಹಳದಿ ತಿರುಗಿದ ಜೆಟ್‌ಫೈರ್ ಕಂಡರೆ ನನಗೆ ಈಗ ಮೊದಲಿಗಿಂತ ಜಾಸ್ತಿ ಪ್ರೀತಿ ಬರುತ್ತದೆ. ಅದು ವಯಸ್ಸನ್ನು ಮುಚ್ಚಿಟ್ಟಿಲ್ಲ.

ಸ್ಟಾರ್‌ಸ್ಕ್ರೀಮ್ ಹುಡುಕುವವರಿಗೆ ಒಂದು ಮಾತು, ಇದೇ ಥರದ ಗುಂಡಿ ಅಲ್ಲೂ ಇದೆ. ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂರೂ ಒಂದೇ ಅಚ್ಚು. ರೆಕ್ಕೆ, ಮುಷ್ಟಿ, ಬಾಲದ ರೆಕ್ಕೆ, ಕ್ಷಿಪಣಿ ಎಲ್ಲ ಕಳಚುವ ಭಾಗಗಳು, ಕಳೆದುಹೋಗುವುದೂ ಅವೇ. 'ಕಂಪ್ಲೀಟ್' ಅಂದರೆ ಭಾಗಗಳು ಎಣಿಕೆಗೆ ಸರಿ ಇವೆ ಅಂತ ಅರ್ಥ, 1984ರವು ಅಂತ ಅಲ್ಲ. ಇವು ಆಮೇಲೆ ಮರು ಬಿಡುಗಡೆಯೂ ಆಗಿವೆ, ನಕಲಿಗಳೂ ಬೇಕಾದಷ್ಟು ಇವೆ. ಅಮೆರಿಕದಲ್ಲಿ ಮತ್ತೆ ಬಂದವುಗಳಲ್ಲಿ ಮಕ್ಕಳು ನುಂಗಬಾರದು ಅಂತ ಕ್ಷಿಪಣಿಯನ್ನು ಉದ್ದ ಮಾಡಿದ್ದರು. ಹಳೆಯದು ಅಂತ ಹೇಳುವ ಆಟಿಕೆಯ ಪಕ್ಕ ಉದ್ದುದ್ದ ಕ್ಷಿಪಣಿ ಕಂಡರೆ ಇನ್ನೊಂದು ಪ್ರಶ್ನೆ ಕೇಳಿ.

ಕಳೆದ ವಾರ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಹೆಸರು ಬೇರೆ. ಆದರೆ ಅದೇ ನೀಲಿ ಬಟ್ಟೆ, ಅದೇ ಕಿಟಕಿಯ ಬೆಳಕು, ಹನ್ನೊಂದು ಫೋಟೋ, ಹನ್ನೊಂದೂ ಜೆಟ್. ಬೆಳ್ಳಗೆ ಹೊಳೆಯುತ್ತಿದೆ. ನಾನು ಬೇರೆ ಖಾತೆಯಿಂದ ಒಂದು ಮೆಸೇಜ್ ಹಾಕಿದೆ: "ಗರ್ವಾಕ್ ರೂಪದಲ್ಲಿ ಒಂದು ಫೋಟೋ ಸಿಗುತ್ತಾ?"

ಓದಿದ ಗುರುತು ಬಿದ್ದು ಆರು ದಿನ ಆಯಿತು. ಉತ್ತರ ಇನ್ನೂ ಬಂದಿಲ್ಲ.